ದಿನಕ್ಕೆ 10 ಕಿಲೋಮೀಟರ್ ನಡೆಯುವವರ ಬೂಟಿಗೆ ಇನ್‌ಸೋಲ್: ಯಾವ ವಸ್ತು, ಎಷ್ಟು ದಪ್ಪ, ಯಾವ ಆಕಾರ?

ಪ್ರಶ್ನೆ: ಮೀಟರ್ ಓದುವವ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಮನೆ ಮನೆಗೆ ಹೋಗಿ ವಿದ್ಯುತ್ ಮೀಟರ್ ಓದಿ ಬಿಲ್ಲು ಕೊಡುವ ಕೆಲಸದಲ್ಲಿದ್ದೇನೆ. ತಿಂಗಳ ಮೊದಲರ್ಧದಲ್ಲಿ ದಿನಕ್ಕೆ ಸುಮಾರು 10 ಕಿಲೋಮೀಟರ್ ನಡೆಯಬೇಕಾಗುತ್ತದೆ. ಅದರಲ್ಲಿ ಬಹುಪಾಲು ಕಾಂಕ್ರೀಟ್ ರಸ್ತೆ, ಫರಸಿಕಲ್ಲಿನ ಅಂಗಳ ಮತ್ತು ಮೆಟ್ಟಿಲು. ವಯಸ್ಸು 43, ತೂಕ 74 ಕೆಜಿ. ಸಕ್ಕರೆ ಕಾಯಿಲೆ ಇಲ್ಲ. ಎರಡು ತಿಂಗಳ ಹಿಂದೆ ಪರೀಕ್ಷೆ ಮಾಡಿಸಿದ್ದೇನೆ.

ಕಳೆದ ಆರೇಳು ತಿಂಗಳಿನಿಂದ ಬಲಗಾಲಿನ ಹಿಮ್ಮಡಿ ನೋಯುತ್ತಿದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಮೊಳೆ ಚುಚ್ಚಿದಂತಾಗುತ್ತದೆ, ಹತ್ತು ನಿಮಿಷ ಓಡಾಡಿದ ಮೇಲೆ ಕಡಿಮೆಯಾಗುತ್ತದೆ, ಸಂಜೆಗೆ ಮತ್ತೆ ಬರುತ್ತದೆ. ಇದಲ್ಲದೆ ಎರಡೂ ಪಾದಗಳ ಮುಂಭಾಗದಲ್ಲಿ, ಎರಡನೆಯ ಮತ್ತು ಮೂರನೆಯ ಬೆರಳಿನ ಬುಡದ ಕೆಳಗೆ, ಮಧ್ಯಾಹ್ನದ ಹೊತ್ತಿಗೆ ಉರಿ ಶುರುವಾಗುತ್ತದೆ.

ಅಂಗಡಿಯಿಂದ ಬೂಟಿನೊಳಗೆ ಹಾಸುವ, ಜೆಲ್ ತುಂಬಿದ ಇನ್‌ಸೋಲ್ ತಂದು ಹಾಕಿಕೊಂಡೆ. ಮೊದಲ ವಾರ ಮೋಡದ ಮೇಲೆ ನಡೆದಂತಿತ್ತು. ಮೂರನೆಯ ವಾರಕ್ಕೆ ಬೂಟು ಬಿಗಿಯಾಗಿ, ಹಿಮ್ಮಡಿ ಮೇಲಕ್ಕೆ ಜಾರತೊಡಗಿ, ನೋವು ಮೊದಲಿನ ಮಟ್ಟಕ್ಕೇ ಬಂತು. ಆಮೇಲೆ ಸೋಫಾಕ್ಕೆ ಹಾಕುವ ಸ್ಪಂಜನ್ನು ಬೂಟಿನ ಅಳತೆಗೆ ಕತ್ತರಿಸಿ ಹಾಕಿದೆ. ಎರಡೇ ದಿನಕ್ಕೆ ಅದು ಹಪ್ಪಳವಾಯಿತು. ನಮ್ಮ ಓಣಿಯ ತುದಿಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಇದ್ದಾರೆ. ನಾನು ನಕ್ಷೆ ಕೊಟ್ಟರೆ ಬೇಕಾದಂತೆ ಮಾಡಿಕೊಡುವುದಾಗಿ ಹೇಳಿದ್ದಾರೆ. ಇಷ್ಟು ಮೆತ್ತಗಿನ ವಸ್ತುಗಳು ಯಾಕೆ ಕೈಕೊಟ್ಟವು, ಮತ್ತು ಅವರಿಗೆ ನಾನು ಯಾವ ನಕ್ಷೆ ಕೊಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಪಾದರಕ್ಷೆ ತಯಾರಕ, ಅಥಣಿ

ನಮಸ್ಕಾರ ಸರ್. ನಮ್ಮ ಮನೆತನದ ಕಸುಬೇ ಚಪ್ಪಲಿ. ನಾನು ಹದಿನೆಂಟು ವರ್ಷ ಒಂದು ಆಸ್ಪತ್ರೆಯ ಪಾದರಕ್ಷೆ ವಿಭಾಗದಲ್ಲಿ ಇನ್‌ಸೋಲ್ ಮಾಡುತ್ತಿದ್ದೆ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ: ಕೈಯಿಂದ ಒತ್ತಿ ನೋಡಿದಾಗ ಮೆತ್ತಗಿರುವುದು ಬೇರೆ, ದೇಹದ ಭಾರದ ಕೆಳಗೆ ಮೆತ್ತಗೆ ಉಳಿಯುವುದು ಬೇರೆ.

ನಡೆಯುವಾಗ ಪಾದದ ಮೇಲೆ ಬೀಳುವ ಭಾರ ನಿಂತಾಗಿನ ಭಾರಕ್ಕಿಂತ ಹೆಚ್ಚು. ಹಿಮ್ಮಡಿ ಊರಿದ ಸ್ವಲ್ಪ ಹೊತ್ತಿಗೆ ಒಮ್ಮೆ, ಮುಂಗಾಲಿನಿಂದ ನೆಲವನ್ನು ಹಿಂದಕ್ಕೆ ತಳ್ಳುವಾಗ ಇನ್ನೊಮ್ಮೆ, ಅದು ದೇಹತೂಕದ ಸುಮಾರು 1.1ರಿಂದ 1.2 ಪಟ್ಟು ಮುಟ್ಟುತ್ತದೆ. ನಿಮ್ಮ ತೂಕಕ್ಕೆ ಅದು 80 ಕೆಜಿಗಿಂತ ತುಸು ಹೆಚ್ಚಾಗುತ್ತದೆ. ಲೆಕ್ಕಕ್ಕೆಂದು 80 ಕೆಜಿ ಎಂದಿಟ್ಟುಕೊಳ್ಳೋಣ. ಈ ಭಾರ 40 ಚದರ ಸೆಂಟಿಮೀಟರ್ ಜಾಗದ ಮೇಲೆ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 2 ಕೆಜಿ ಒತ್ತಡ. ಅದೇ ಭಾರವನ್ನು 60 ಚದರ ಸೆಂಟಿಮೀಟರಿಗೆ ಹರಡಿದರೆ 1.3 ಕೆಜಿ ಮಾತ್ರ. ಭಾರವನ್ನು ಇನ್‌ಸೋಲ್ ಮಾಯ ಮಾಡಲಾರದು, ಹರಡಬಲ್ಲದು. ಆದ್ದರಿಂದ ಒಳ್ಳೆಯ ಇನ್‌ಸೋಲಿನ ಮೊದಲ ಗುಣ ಮೆತ್ತಗಿರುವುದಲ್ಲ, ಅಂಗಾಲಿನ ಆಕಾರಕ್ಕೆ ತಕ್ಕಂತೆ ಎದ್ದು ಕೂತು, ಸಾಮಾನ್ಯವಾಗಿ ಭಾರ ಹೊರದ ಭಾಗಗಳಿಗೂ ಸ್ವಲ್ಪ ಸ್ವಲ್ಪ ಭಾರ ಹಂಚುವುದು. ನಮ್ಮ ಕಡೆಯ ಚರ್ಮದ ಚಪ್ಪಲಿಯಲ್ಲಿ ಮೆತ್ತೆ ಎಂಬುದೇ ಇರುವುದಿಲ್ಲ. ಮೊದಲ ದಿನಗಳಲ್ಲಿ ಕಚ್ಚುತ್ತದೆ. ಆದರೂ ಕೆಲವು ವಾರ ಮೆಟ್ಟಿದ ಮೇಲೆ ಅಟ್ಟೆಯ ಚರ್ಮ ನಿಮ್ಮ ಹಿಮ್ಮಡಿ ಮತ್ತು ಬೆರಳುಗಳ ಗುರುತನ್ನು ಹಿಡಿದು ಹಿತವಾಗುವುದಕ್ಕೆ ಈ ಆಕಾರವೇ ಕಾರಣ.

ಸ್ಪಂಜು ಹಪ್ಪಳವಾದದ್ದು ಏಕೆಂದರೆ ಅದು ಕುಳಿತ ಮನುಷ್ಯನ ಹರಡಿದ ಭಾರಕ್ಕೆಂದು ಮಾಡಿದ್ದು. ಹಿಮ್ಮಡಿಯ ಕೆಳಗೆ ಅದರೊಳಗಿನ ಗಾಳಿಗೂಡುಗಳೆಲ್ಲ ಪೂರ್ತಿ ಕುಸಿಯುತ್ತವೆ. ಹಾಗೆ ಕುಸಿದ ಮೇಲೆ ನೀವು ನಡೆಯುತ್ತಿರುವುದು ಬೂಟಿನ ಗಟ್ಟಿ ತಳದ ಮೇಲೆಯೇ. ಜೆಲ್ಲಿನ ಕಥೆ ಬೇರೆ. ಅದು ಒತ್ತಿದ ಕಡೆಯಿಂದ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಗಾತ್ರದಲ್ಲಿ ಕುಗ್ಗುವುದಿಲ್ಲ. ಬೂಟಿನೊಳಗೆ ಪಕ್ಕಕ್ಕೆ ಸರಿಯಲು ಜಾಗವೆಲ್ಲಿದೆ? ತೂಕವೂ ಹೆಚ್ಚು, ಬೆವರೂ ಹೋಗುವುದಿಲ್ಲ.

ನಾನು ನಿಮಗೆ ಎರಡು ಪದರದ ಇನ್‌ಸೋಲ್ ಸೂಚಿಸುತ್ತೇನೆ. ಕೆಳಪದರಕ್ಕೆ ಗಟ್ಟಿ ಈವಿಎ (ಪಾದರಕ್ಷೆಗೆ ಬಳಸುವ ಹಗುರ ಫೋಮ್) ಶೀಟ್, ಹಿಮ್ಮಡಿಯಲ್ಲಿ 4 ಮಿ.ಮೀ. ಇರಲಿ, ಅದನ್ನು ಹಿಮ್ಮಡಿಯ ಸುತ್ತ ಬಟ್ಟಲಿನಂತೆ ಎತ್ತರಿಸಿ, ಅಂಗಾಲಿನ ಕಮಾನಿನ ಒಳಬದಿಯನ್ನು ಮೆಲ್ಲನೆ ಏರಿಸಿ, ಬೆರಳಿನ ಬುಡಕ್ಕೆ ಬರುವ ಮೊದಲೇ ತೆಳ್ಳಗೆ ಉಜ್ಜಿ ಮುಗಿಸಬೇಕು. ಮೇಲ್ಪದರಕ್ಕೆ 4 ಮಿ.ಮೀ. ಎಂಸಿಆರ್ (ಸೂಕ್ಷ್ಮರಂಧ್ರದ ಮೆತ್ತನೆಯ ರಬ್ಬರು) ಅಥವಾ ಗಾಳಿಯಾಡುವ ಪಾಲಿಯುರೆಥೇನ್ ಫೋಮ್ ಪೂರ್ತಿ ಉದ್ದಕ್ಕೆ ಇರಲಿ. ಅದರ ಮೇಲೆ ತೆಳುವಾದ ಲೈನಿಂಗ್ ಚರ್ಮ ಅಥವಾ ಬಟ್ಟೆ. ರೆಕ್ಸಿನ್ ಬೇಡ, ಬೆವರಿದರೆ ಪಾದ ಜಾರುತ್ತದೆ. ಹಿಂಬದಿ ಒಟ್ಟು 8 ಮಿ.ಮೀ., ಮುಂದೆ 4ರಿಂದ 5 ಮಿ.ಮೀ. ಮೀರಬಾರದು. ಬೂಟಿನೊಳಗೆ ಮೊದಲೇ ಇರುವ ಪದರವನ್ನು ಕಿತ್ತು ತೆಗೆಯದೆ ಇದನ್ನು ಹಾಕಬೇಡಿ. ಹಿಮ್ಮಡಿ ಮೇಲೆದ್ದು ಜಾರಿದ್ದಕ್ಕೆ ಆ ಎರಡು ಹಾಸು ಒಂದರ ಮೇಲೊಂದು ಇದ್ದದ್ದೇ ಕಾರಣವಿರಬೇಕು.

ಬೆರಳಿನ ಬುಡದ ಉರಿಗೆ ಒಂದು ಚಿಕ್ಕ ದಿಂಬು ಬೇಕು, ಹನಿಯ ಆಕಾರದ್ದು. ಇದನ್ನು ನೋಯುವ ಮೂಳೆಯ ಕೆಳಗೇ ಇಡುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಅದು ನೋಯುವ ಜಾಗಕ್ಕಿಂತ ಹಿಂದೆ, ಹಿಮ್ಮಡಿಯ ಕಡೆಗೆ ಇರಬೇಕು. ಆಗ ಅದು ಮೂಳೆಯ ಕಾಂಡವನ್ನು ಎತ್ತಿ ಹಿಡಿದು ತುದಿಯ ಭಾರ ಇಳಿಸುತ್ತದೆ. ಜಾಗ ಹುಡುಕಲು ಸುಲಭ ದಾರಿಯಿದೆ. ಬೆರಳಿನಿಂದ ಒತ್ತಿ ಅತಿ ಹೆಚ್ಚು ನೋಯುವ ಬಿಂದುವನ್ನು ಗುರುತಿಸಿ, ಅಲ್ಲಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ಬೂಟಿನೊಳಗೆ ಕಾಲಿಟ್ಟು ನಾಲ್ಕು ಹೆಜ್ಜೆ ನಡೆಯಿರಿ. ಇನ್‌ಸೋಲ್ ಮೇಲೆ ಬಿದ್ದ ಕೆಂಪು ಗುರುತಿನ ಹಿಂದಿನ ಅಂಚಿನಲ್ಲಿ ದಿಂಬಿನ ಮುಂತುದಿ ನಿಲ್ಲಬೇಕು. ಎತ್ತರ 3 ಮಿ.ಮೀ.ನಿಂದ ಶುರುಮಾಡಿ, ಮೊದಲು ಬಟ್ಟೆಯ ಟೇಪಿನಿಂದ ಅಂಟಿಸಿ ಎರಡು ದಿನ ನಡೆದು ನೋಡಿ, ಆಮೇಲೆ ಸೊಲ್ಯೂಷನ್ ಹಚ್ಚಿ.

ಇನ್ನೊಂದು ಮಾತು ಹೇಳದೆ ಇರಲಾರೆ. ಹಿಮ್ಮಡಿ ನೋಯುವ ಕಡೆ ಇನ್‌ಸೋಲಿಗೆ ತೂತು ಕತ್ತರಿಸುವ ಅಭ್ಯಾಸ ಹಲವರಲ್ಲಿದೆ. ತೂತಿನ ಅಂಚಿನಲ್ಲಿ ಒತ್ತಡ ಒಟ್ಟುಗೂಡಿ ಚರ್ಮ ಆ ತೂತಿನೊಳಗೆ ಉಬ್ಬುತ್ತದೆ. ತಗ್ಗು ಬೇಕೇಬೇಕೆಂದರೆ ಕೆಳಪದರದಲ್ಲಿ ಮಾತ್ರ ತೆಗೆದು, ಅಂಚನ್ನು ರಂಪಿಗೆಯಿಂದ (ಚರ್ಮ ಕೊಯ್ಯುವ ಉಳಿಯಿಂದ) ಇಳಿಜಾರಾಗಿ ಸವರಿ, ಅಲ್ಲಿ ಮೇಲ್ಪದರದ ವಸ್ತುವನ್ನೇ ತುಂಬಬೇಕು.

ಉತ್ತರ: ಫಿಸಿಯೋಥೆರಪಿಸ್ಟ್, ಮೈಸೂರು

ಮೇಲಿನ ಹಿರಿಯರ ಉತ್ತರವನ್ನು ನಾನು ನನ್ನ ರೋಗಿಗಳಿಗೆ ಓದಿಸಬೇಕೆಂದಿದ್ದೇನೆ. ಅದಕ್ಕೆ ಸೇರಿಸಬೇಕಾದದ್ದು ಇಷ್ಟು: ಇನ್‌ಸೋಲಿನ ನಕ್ಷೆಗೆ ಮೊದಲು ನೋವು ಯಾವುದರದ್ದು ಎಂದು ಗೊತ್ತಾಗಬೇಕು, ಏಕೆಂದರೆ ಹಿಮ್ಮಡಿ ನೋವು ಒಂದೇ ಬಗೆಯದಲ್ಲ.

ಹಿಮ್ಮಡಿಯ ಮೂಳೆಯ ಕೆಳಗೆ ಸುಮಾರು ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪದ ಕೊಬ್ಬಿನ ಮೆತ್ತೆಯಿದೆ. ಅದು ಸಡಿಲ ಕೊಬ್ಬಲ್ಲ. ನಾರಿನ ಗೋಡೆಗಳಿಂದ ಕೋಣೆ ಕೋಣೆಯಾಗಿ ಕಟ್ಟಿದ ವ್ಯವಸ್ಥೆ. ವಯಸ್ಸಾದಂತೆ, ಗಟ್ಟಿ ನೆಲದಲ್ಲಿ ಸವೆದಂತೆ ಈ ಗೋಡೆಗಳು ಸಡಿಲಗೊಂಡರೆ ಕೊಬ್ಬು ಪಕ್ಕಕ್ಕೆ ಹರಡಿ ನಡುವೆ ತೆಳ್ಳಗಾಗುತ್ತದೆ. ಈ ನೋವು ಹಿಮ್ಮಡಿಯ ನಟ್ಟನಡುವೆ ಇರುತ್ತದೆ ಮತ್ತು ಗಟ್ಟಿ ನೆಲದ ಮೇಲೆ ಹೆಚ್ಚುಹೊತ್ತು ಇದ್ದಷ್ಟೂ ಬೆಳೆಯುತ್ತದೆ. ಇಂಥವರಿಗೆ ಆಳವಾದ ಬಟ್ಟಲು ಬಹಳ ಉಪಯೋಗಿ, ಏಕೆಂದರೆ ಅದು ಪಕ್ಕಕ್ಕೆ ಹರಡುವ ಕೊಬ್ಬನ್ನು ಒತ್ತಿ ಹಿಡಿದು ಮೂಳೆಯ ಕೆಳಗೆ ದಪ್ಪವಾಗಿ ನಿಲ್ಲಿಸುತ್ತದೆ. ಹೊರಗಿನಿಂದ ಹಾಕುವ ಯಾವ ಫೋಮಿಗಿಂತಲೂ ನಮ್ಮದೇ ಮೆತ್ತೆ ಮೇಲು.

ನೀವು ಬರೆದಿರುವ ಬೆಳಗಿನ ಮೊದಲ ಹೆಜ್ಜೆಯ ಚುಚ್ಚು ಬೇರೆಯದನ್ನು ಸೂಚಿಸುತ್ತದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದಿರುವ ದಪ್ಪ ನಾರಿನ ಪಟ್ಟಿಯೊಂದಿದೆ, ಅದಕ್ಕೆ ಪ್ಲಾಂಟಾರ್ ಫ್ಯಾಸಿಯಾ ಎನ್ನುತ್ತಾರೆ. ಹೆಬ್ಬೆರಳು ಮೇಲಕ್ಕೆ ಮಡಿದಾಗಲೆಲ್ಲ ಅದು ರಾಟೆಗೆ ಹಗ್ಗ ಸುತ್ತಿದಂತೆ ಬಿಗಿಯಾಗಿ ಕಮಾನನ್ನು ಎತ್ತುತ್ತದೆ. ಅದರ ಬೇರು ಹಿಮ್ಮಡಿಯ ಒಳಬದಿಯ ಮುಂದಿನ ಭಾಗದಲ್ಲಿದೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ. ನೋವು ಅಲ್ಲೇ ಸಿಕ್ಕಿದರೆ ನಿಮಗೆ ಬರೀ ಹಿಮ್ಮಡಿ ಮೆತ್ತೆ ಸಾಲದು, ಕಮಾನಿನ ಕೆಳಗೆ ಆಸರೆಯೂ ಬೇಕು. ಆಸರೆ ಕಮಾನನ್ನು ಮುಟ್ಟಿ ನಿಲ್ಲಬೇಕು, ತಳ್ಳಬಾರದು. ಮೊದಲ ದಿನ ಒಂದೆರಡು ಗಂಟೆ ಹಾಕಿ, ದಿನೇ ದಿನೇ ಹೆಚ್ಚಿಸುತ್ತಾ ಹೋಗಿ.

ಈ ನೋವಿಗೆ ಅಳತೆ ತೆಗೆದು ಮಾಡಿಸಿದ ದುಬಾರಿ ಇನ್‌ಸೋಲೂ ಅಂಗಡಿಯ ಒಳ್ಳೆಯ ಸಿದ್ಧ ಇನ್‌ಸೋಲೂ ಕೊನೆಗೆ ಹೆಚ್ಚೂಕಡಿಮೆ ಒಂದೇ ಫಲ ಕೊಡುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ಹಣದ ಚಿಂತೆ ಬೇಡ. ಓಣಿಯ ಹಿರಿಯರ ಕೈಯೇ ಸಾಕು. ಆದರೆ ಮೀನಖಂಡದ ಸ್ನಾಯು ಬಿಗಿಯಾಗಿದ್ದರೆ ಯಾವ ಇನ್‌ಸೋಲೂ ಪೂರ್ತಿ ಗುಣ ಕೊಡದು. ಬೆಳಿಗ್ಗೆ ಕಾಲನ್ನು ನೆಲಕ್ಕೆ ಇಡುವ ಮೊದಲೇ ಹಾಸಿಗೆಯ ಮೇಲೆ ಕುಳಿತು ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಹತ್ತು ಸೆಕೆಂಡು ಎಳೆದು ಹಿಡಿಯಿರಿ, ಹೀಗೆ ಹತ್ತು ಸಲ. ದಿನಕ್ಕೆ ಎರಡು ಹೊತ್ತು ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಎಳೆಯಿರಿ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಹಿಂಡಿದಾಗ ತೀವ್ರ ನೋವಾದರೆ ಅಥವಾ ರಾತ್ರಿ ಮಲಗಿದಾಗಲೂ ನೋವು ಎಬ್ಬಿಸಿದರೆ ಇನ್‌ಸೋಲ್ ಕೆಲಸ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಅದು ಮೂಳೆಯ ಸೂಕ್ಷ್ಮ ಬಿರುಕೂ ಆಗಿರಬಹುದು.

ಉತ್ತರ: ನಿವೃತ್ತ ಫೋಮ್ ಕಾರ್ಖಾನೆ ನೌಕರ, ಪೀಣ್ಯ

ವಸ್ತುವಿನ ಬಗ್ಗೆ ನನ್ನದೊಂದು ಮಾತು. ಅಂಗಡಿಯಲ್ಲಿ ಈವಿಎ ಎಂದು ಕೇಳಿದರೆ ಹತ್ತು ಬಗೆಯದು ಕೊಡುತ್ತಾರೆ. ಗಟ್ಟಿತನವನ್ನು ಅದಕ್ಕೆಂದೇ ಇರುವ ಶೋರ್ ಎಂಬ ಅಳತೆಯಲ್ಲಿ ಹೇಳುವವರು ಕಡಿಮೆ. ಹೆಬ್ಬೆರಳಿನಿಂದ ಒತ್ತಿ ನಿರ್ಧರಿಸಿದರೆ ನೀವು ಯಾವಾಗಲೂ ಅತಿ ಮೆತ್ತಗಿನದನ್ನೇ ಆರಿಸುತ್ತೀರಿ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದನ್ನು ಹೇಳುತ್ತೇನೆ.

ಕೊಳ್ಳುವ ಮೊದಲು ಪ್ರತಿ ಶೀಟಿನಿಂದ ಎರಡು ಸೆಂಟಿಮೀಟರ್ ಉದ್ದಗಲದ ಮೂರು ತುಂಡು ಕೇಳಿ ತನ್ನಿ. ಅವನ್ನು ಸಮತಟ್ಟಾದ ನೆಲದ ಮೇಲೆ ತ್ರಿಕೋನವಾಗಿಟ್ಟು, ಮೇಲೊಂದು ಗಟ್ಟಿ ಹಲಗೆಯಿಟ್ಟು, ನಡುವೆ 20 ಲೀಟರಿನ ತುಂಬಿದ ನೀರಿನ ಕ್ಯಾನ್ ಇಡಿ. ಕ್ಯಾನ್, ಹಲಗೆ ಸೇರಿ ಸುಮಾರು 22 ಕೆಜಿ; ಮೂರು ತುಂಡುಗಳ ವಿಸ್ತೀರ್ಣ 12 ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 1.8 ಕೆಜಿ, ಅಥಣಿಯವರು ಹೇಳಿದ ಹಿಮ್ಮಡಿಯ ಒತ್ತಡಕ್ಕೆ ಹತ್ತಿರದ್ದು. ಮೇಲ್ಪದರದ ವಸ್ತು ಈ ಭಾರಕ್ಕೆ ತನ್ನ ದಪ್ಪದ ಸುಮಾರು ಅರ್ಧಕ್ಕೆ ಇಳಿಯಬೇಕು. ಕಾಗದದಷ್ಟು ತೆಳ್ಳಗಾದರೆ ಅದು ಸ್ಪಂಜು, ಬಿಡಿ. ಸ್ವಲ್ಪವೂ ಇಳಿಯದಿದ್ದರೆ ಕೆಳಪದರಕ್ಕೆ ಇಟ್ಟುಕೊಳ್ಳಿ. ಅದೇ ಭಾರವನ್ನು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೆಗೆದು, ಅರ್ಧ ಗಂಟೆ ಬಿಟ್ಟು ದಪ್ಪ ಅಳೆಯಿರಿ. ಎಷ್ಟು ಮರಳಿ ಬಂತು ಎಂಬುದೇ ಅದರ ಬಾಳಿಕೆ.

ಈ ರಾತ್ರಿಯ ಪರೀಕ್ಷೆಯಲ್ಲಿ ಅಗ್ಗದ ಈವಿಎ ಸೋಲುತ್ತದೆ, ಒಳ್ಳೆಯ ಪಾಲಿಯುರೆಥೇನ್ ಗೆಲ್ಲುತ್ತದೆ. ಈವಿಎಯ ಗಾಳಿಗುಳ್ಳೆಗಳು ಮುಚ್ಚಿದಂಥವು. ಅದು ಹಗುರ, ನೀರು ಹೀರದು, ಆದರೆ ದಿನವಿಡೀ ಒತ್ತಿದಾಗ ಗುಳ್ಳೆಗಳು ಮೆಲ್ಲಮೆಲ್ಲನೆ ಕುಸಿದು ಹಾಗೇ ಉಳಿಯುತ್ತವೆ. ಬಿಸಿಲಿನಲ್ಲಿ ಒಣಗಲು ಇಟ್ಟರೆ ಕುಗ್ಗಿ ಸುರುಟುತ್ತದೆ ಕೂಡ. ತೆರೆದ ಗುಳ್ಳೆಯ ಪಾಲಿಯುರೆಥೇನ್ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ, ಗಾಳಿಯಾಡುತ್ತದೆ; ಬೆವರು ಹೀರುವುದರಿಂದ ರಾತ್ರಿ ಹೊರತೆಗೆದು ನೆರಳಿನಲ್ಲಿ ಆರಿಸಬೇಕು. ಎರಡು ಜೋಡಿ ಮಾಡಿಸಿಕೊಂಡು ದಿನ ಬಿಟ್ಟು ದಿನ ಹಾಕಿದರೆ ಎರಡಕ್ಕೂ ಪೂರ್ತಿ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ.

ಪ್ರಶ್ನೆ: ಮಗಳು, ದಾವಣಗೆರೆ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ತಂದೆಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಅಂಗಾಲಿನಲ್ಲಿ ಸ್ಪರ್ಶ ಮಂದವಾಗಿದೆ. ಈ ನಕ್ಷೆಯನ್ನೇ ಅವರಿಗೂ ಮಾಡಿಸಬಹುದೇ?

ಉತ್ತರ: ಪಾದರಕ್ಷೆ ತಯಾರಕ, ಅಥಣಿ

ಬೇಡ ತಾಯಿ. ಮೇಲಿನ ನಕ್ಷೆ ನೋವನ್ನು ಅರಿಯುವ ಪಾದಕ್ಕೆ. ದಿಂಬು ತಪ್ಪು ಜಾಗದಲ್ಲಿದ್ದರೆ ಹುಬ್ಬಳ್ಳಿಯವರು ಅರ್ಧ ಗಂಟೆಯಲ್ಲಿ ತೆಗೆದುಬಿಡುತ್ತಾರೆ. ನಿಮ್ಮ ತಂದೆಗೆ ಅದು ಗೊತ್ತೇ ಆಗದೆ ಸಂಜೆಗೆ ಗುಳ್ಳೆ, ವಾರಕ್ಕೆ ಹುಣ್ಣು ಆಗಬಹುದು.

ಈ ಪಾಠವನ್ನು ನಮ್ಮ ದೇಶ ಕುಷ್ಠರೋಗಿಗಳ ಪಾದಗಳಿಂದ ಕಲಿತಿದೆ. ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಪಾದ ತಾನಾಗಿ ಕೊಳೆಯುವುದಿಲ್ಲ, ಸ್ಪರ್ಶ ಕಳೆದುಕೊಂಡ ಅಂಗಾಲಿನ ಒಂದೇ ಜಾಗದ ಮೇಲೆ ಸಾವಿರಾರು ಸಲ ಬೀಳುವ ಸಾಧಾರಣ ಒತ್ತಡವೇ ಹುಣ್ಣು ಮಾಡುತ್ತದೆ ಎಂದು ಅವರು ತೋರಿಸಿದರು. ಅಂಥ ಪಾದಗಳಿಗೆಂದು ಬಳಕೆಗೆ ಬಂದ ಮೆತ್ತನೆಯ ಸೂಕ್ಷ್ಮರಂಧ್ರದ ರಬ್ಬರೇ ಈಗ ನಾವು ಎಂಸಿಆರ್ ಎನ್ನುವುದು. ಸರ್ಕಾರದ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮದಲ್ಲಿ ಇಂದಿಗೂ ಆ ಪಾದರಕ್ಷೆಯನ್ನು ಕೊಡುತ್ತಾರೆ. ನಾನು ಈ ಕೆಲಸ ಕಲಿತದ್ದೂ ಅಂಥ ಪಾದಗಳ ಮೇಲೆಯೇ, ಹಾಗಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ. ತಂದೆಯವರನ್ನು ಮಧುಮೇಹಿ ಪಾದ ನೋಡುವ ಚಿಕಿತ್ಸಾಲಯಕ್ಕೆ ಕರೆದೊಯ್ದು ಅಲ್ಲಿಯೇ ಅಳತೆ ಕೊಡಿ. ಅಲ್ಲಿಯವರೆಗೆ ಬರಿಗಾಲಲ್ಲಿ ಮನೆಯೊಳಗೂ ಓಡಾಡಲು ಬಿಡಬೇಡಿ. ಬೂಟು ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮಡಿಕೆ ಇದೆಯೇ ನೋಡಿ. ಪ್ರತಿ ರಾತ್ರಿ ಅಂಗಾಲನ್ನು ನೀವೇ ಪರೀಕ್ಷಿಸಿ.

ಮರುಬರಹ: ಮೀಟರ್ ಓದುವವ, ಹುಬ್ಬಳ್ಳಿ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಮೈಸೂರಿನ ಫಿಸಿಯೋಥೆರಪಿಸ್ಟ್ ಮೇಡಂ ಹೇಳಿದಂತೆ ಒತ್ತಿ ನೋಡಿದಾಗ ನೋವು ಹಿಮ್ಮಡಿಯ ಒಳಬದಿಯ ಮುಂದೆಯೇ ಸಿಕ್ಕಿತು. ನೀರಿನ ಕ್ಯಾನಿನ ಪರೀಕ್ಷೆಯನ್ನು ಐದು ಬಗೆಯ ಶೀಟಿನ ಮೇಲೆ ಮಾಡಿದೆ. ಕೈಗೆ ಅತಿ ಹಿತವೆನಿಸಿದ ಬಿಳಿ ಫೋಮ್ ಮೊದಲೇ ಬಿದ್ದುಹೋಯಿತು. 6 ಮಿ.ಮೀ. ಈವಿಎಯೊಂದು ಭಾರದ ಕೆಳಗೆ ಚೆನ್ನಾಗಿಯೇ ನಿಂತಿತ್ತು, ಬೆಳಿಗ್ಗೆ ಅಳೆದಾಗ 4 ಮಿ.ಮೀ. ಮಾತ್ರ ಉಳಿದಿತ್ತು. ಕೊನೆಗೆ ಮೇಲೆ ಎಂಸಿಆರ್, ಕೆಳಗೆ ಗಟ್ಟಿ ಈವಿಎ ಎಂದು ನಿರ್ಧರಿಸಿದೆ.

ಓಣಿಯ ಹಿರಿಯರು ನಕ್ಷೆಯನ್ನು ನೋಡಿದ ಕೂಡಲೇ ಅರ್ಥಮಾಡಿಕೊಂಡು, ನನ್ನ ಒದ್ದೆ ಪಾದದ ಗುರುತನ್ನು ಹಳೆಯ ಪತ್ರಿಕೆಯ ಮೇಲೆ ಮೂಡಿಸಿಕೊಂಡು, ಒಂದು ಮಧ್ಯಾಹ್ನದಲ್ಲಿ ಜೋಡಿ ಮುಗಿಸಿಕೊಟ್ಟರು. ದಿಂಬು ಮೊದಲ ಸಲ ತುಸು ಮುಂದೆ ಬಿದ್ದಿತ್ತು. ಒಂದೇ ದಿನದಲ್ಲಿ ಉರಿ ಹೆಚ್ಚಿತು. 8 ಮಿ.ಮೀ. ಹಿಂದಕ್ಕೆ ಸರಿಸಿದ ಮೇಲೆ ಎರಡನೆಯ ವಾರಕ್ಕೆ ಎಡಗಾಲಿನ ಉರಿ ಪೂರ್ತಿ ನಿಂತಿತು, ಬಲಗಾಲಿನದು ಸಂಜೆ ಮಾತ್ರ ಸ್ವಲ್ಪ ಇದೆ. ಹಿಮ್ಮಡಿಯ ಚುಚ್ಚು ನಿಧಾನವಾಗಿ ಇಳಿದಿದೆ, ಹೋಗಿಲ್ಲ. ವ್ಯಾಯಾಮ ಬಿಟ್ಟ ಮೂರು ದಿನ ಅದು ಮತ್ತೆ ಏರಿದ್ದನ್ನು ನಾನೇ ಗಮನಿಸಿದ್ದೇನೆ. ಬೂಟಿನ ಒಳಪದರ ಕಿತ್ತರೂ ಹಿಮ್ಮಡಿಯ ಕಡೆ ಇನ್ನೂ ತುಸು ಎತ್ತರವೆನಿಸುತ್ತದೆ. ಎಷ್ಟು ದಿನಕ್ಕೊಮ್ಮೆ ಮೇಲ್ಪದರ ಬದಲಿಸಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಪಾದರಕ್ಷೆ ತಯಾರಕ, ಅಥಣಿ

ಬಹಳ ಸಂತೋಷ ಸರ್. ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಎತ್ತರ ಇಳಿಸಲು ಹಿಮ್ಮಡಿಯ ಕೆಳಪದರವನ್ನು ತಳದಿಂದ 1 ಮಿ.ಮೀ. ಉಜ್ಜಿಸಿ, ಬಟ್ಟಲಿನ ಅಂಚನ್ನು ಮಾತ್ರ ಮುಟ್ಟಬೇಡಿ. ಬದಲಿಸಲು ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ದಿನಕ್ಕೆ 10 ಕಿಲೋಮೀಟರ್ ಎಂದರೆ ಒಂದೊಂದು ಪಾದಕ್ಕೆ ಸುಮಾರು 7,000 ಹೆಜ್ಜೆ. ಒಬ್ಬರಲ್ಲಿ ಆರು ತಿಂಗಳು ಬಾಳಿದ್ದು ಇನ್ನೊಬ್ಬರಲ್ಲಿ ಮೂರಕ್ಕೇ ಸೋಲುತ್ತದೆ. ಈಗಲೇ ಹಿಮ್ಮಡಿಯ ನಡುವಿನ ದಪ್ಪವನ್ನು ಅಳೆದು ಇನ್‌ಸೋಲಿನ ಬೆನ್ನಿಗೆ ಪೆನ್ನಿನಲ್ಲಿ ಬರೆದಿಡಿ. ತಿಂಗಳಿಗೊಮ್ಮೆ, ರಾತ್ರಿಯಿಡೀ ಆರಿದ ಮೇಲೆ ಬೆಳಿಗ್ಗೆ ಅಳೆಯಿರಿ. ಮೇಲ್ಪದರದ 4 ಮಿ.ಮೀ. 3ಕ್ಕೆ ಇಳಿದ ದಿನ ಅದನ್ನು ಕಿತ್ತು ಹೊಸದು ಅಂಟಿಸಿ, ಕೆಳಗಿನ ಪದರ ಹಾಗೆಯೇ ಇರಲಿ.